ಒತ್ತಿದರೆ ಗಂಟೆ ಬಾರಿಸುವ ಬಟ್ಟೆ

ಕೇಳುಗರೇ, ನಮಸ್ಕಾರ.

ಕೊಡಗಿನ ತೋಟದ ದೊಡ್ಡ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರ ಕೋಣೆ ಒಂದು ಕಡೆ, ಅಡುಗೆಮನೆ ಇನ್ನೊಂದು ಕಡೆ. ಮಳೆ ಹೆಂಚಿನ ಮೇಲೆ ಹೊಯ್ಯುವಾಗ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಗಂಟೆಯ ಗುಂಡಿ ಇಟ್ಟುಕೊಡೋಣವೆಂದರೆ ಬೆರಳು ಮಡಚಲಾಗದವರಿಗೆ ಆ ಗುಂಡಿಯೇ ಕಷ್ಟ. ಅಂಗೈ ಇಟ್ಟರೆ ಸಾಕು, ಗಂಟೆ ಬಾರಿಸುವ ಬಟ್ಟೆಯೊಂದನ್ನು ನೇಯುವುದು ಹೇಗೆ ಎಂಬುದು ಇಂದಿನ ಮಾತು. ಸ್ವಿಚ್ಚನ್ನು ಬಟ್ಟೆಗೆ ಅಂಟಿಸುವುದಿಲ್ಲ, ಹೊಲಿಯುವುದೂ ಇಲ್ಲ. ನೇಯ್ಗೆಯೇ ಸ್ವಿಚ್ಚು.

ಇಂಥ ಬಟ್ಟೆ ಹೊಸದೇನಲ್ಲ. ಗೂಗಲ್ ಕಂಪನಿ 2015ರಲ್ಲಿ ಜಕಾರ್ಡ್ ಎಂಬ ಯೋಜನೆಯನ್ನು ಪ್ರಕಟಿಸಿ, 2017ರಲ್ಲಿ ಲೀವೈಸ್ ಜೊತೆ ಸೇರಿ ತೋಳಿನ ಅಂಚು ಸವರಿದರೆ ಫೋನಿಗೆ ಆಜ್ಞೆ ಹೋಗುವ ಜಾಕೆಟ್ಟನ್ನು ಮಾರಾಟಕ್ಕೆ ತಂದಿತು. 2023ರಲ್ಲಿ ಅದರ ಆ್ಯಪ್ ನಿಂತಿತು, ಜಾಕೆಟ್ ಬರೀ ಜಾಕೆಟ್ ಆಯಿತು. ಅದು ಸ್ಪರ್ಶ ಗುರುತಿಸುವ ಬಗೆ. ಒದ್ದೆ ಬಟ್ಟೆಗೂ ಒದ್ದೆ ಕೈಗೂ ಗಲಿಬಿಲಿಗೊಳ್ಳುವುದು ಆ ಬಗೆಯ ಸ್ವಭಾವ. ನಮ್ಮ ಹವೆಗೆ ಒತ್ತುವ ಬಗೆಯೇ ಮೇಲು, ಫೋನೂ ಬೇಡ.

ಒತ್ತುವ ಬಗೆಯಲ್ಲಿ ಎರಡು ಪದರ ಬಟ್ಟೆ, ಎರಡರಲ್ಲೂ ವಿದ್ಯುತ್ ಹರಿಯುವ ನೂಲಿನ ಒಂದೊಂದು ಪಟ್ಟಿ, ನಡುವೆ ತೂತುಗಳಿರುವ ತೆಳು ಹಾಳೆ. ಒತ್ತಿದಾಗ ತೂತಿನ ಮೂಲಕ ಮೇಲಿನ ಪಟ್ಟಿ ಕೆಳಗಿನದನ್ನು ಮುಟ್ಟುತ್ತದೆ, ಕೈ ತೆಗೆದರೆ ಬಿಡುತ್ತದೆ. ಎಳೆಗಳನ್ನು ಗುಂಪುಗುಂಪಾಗಿ ಎತ್ತುವ ನಾಲ್ಕು ಚೌಕಟ್ಟಿನ ಮಗ್ಗವಿದ್ದರೆ ಈ ಎರಡು ಪದರವನ್ನು ಒಂದೇ ಸಲಕ್ಕೆ ನೇಯಬಹುದು. ಮೇಜಿನ ಮೇಲಿಡುವ ಚಿಕ್ಕ ಮಗ್ಗವೂ ಆದೀತು.

ಹಾಸು ಎಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳು; ಅದಕ್ಕೆ ಎರಡೆಳೆಯ 20ನೇ ನಂಬರಿನ ಹತ್ತಿ ನೂಲು. ಒಂದು ಪದರಕ್ಕೆ ಇಂಚಿಗೆ 24 ಎಳೆ, ಎರಡಕ್ಕೆ 48. ಆರಿಂಚು ಅಗಲಕ್ಕೆ 288 ಎಳೆ ಬೇಕು. ಚೌಕಟ್ಟುಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಪೋಣಿಸಿ. ಒಂದು ಮತ್ತು ಮೂರು ಮೇಲಿನ ಪದರ. ಎರಡು ಮತ್ತು ನಾಲ್ಕು ಕೆಳಗಿನದು. ತುಳಿಯುವ ಕ್ರಮ ಹೀಗೆ: ಮೊದಲು ಒಂದನ್ನು ಮಾತ್ರ ಎತ್ತಿ. ಆಮೇಲೆ ಒಂದು, ಮೂರು, ಎರಡನ್ನು ಒಟ್ಟಿಗೆ. ಬಳಿಕ ಮೂರನ್ನು ಮಾತ್ರ. ಕೊನೆಗೆ ಒಂದು, ಮೂರು, ನಾಲ್ಕನ್ನು. ಒಂದೇ ಲಾಳಿಯಲ್ಲಿ ಹತ್ತಿ ನೂಲನ್ನು ಹೊಕ್ಕಾಗಿ, ಅಂದರೆ ಅಡ್ಡ ಎಳೆಯಾಗಿ, ಹಾಯಿಸಿದರೆ ಎರಡೂ ಅಂಚು ಮುಚ್ಚಿದ ಕೊಳವೆಯಂಥ ಜೇಬು ತಾನಾಗಿ ಆಗುತ್ತದೆ. ಜೇಬಿನ ಬಾಯಿ ಮುಚ್ಚಲು ಒಂದು, ಮೂರನ್ನು ಒಮ್ಮೆ, ಎರಡು, ನಾಲ್ಕನ್ನು ಒಮ್ಮೆ ಎತ್ತಿ ಅರ್ಧ ಇಂಚು ನೇಯ್ದರೆ ಪದರಗಳು ಒಂದಾಗುತ್ತವೆ.

ಎಲ್ಲರೂ ಎಡವುವ ಜಾಗ ಈಗ ಬರುತ್ತದೆ. ವಿದ್ಯುತ್ ನೂಲನ್ನೂ ಅದೇ ಲಾಳಿಯಲ್ಲಿ ಸುತ್ತಿ ಹಾಯಿಸಿದರೆ ಅದು ಅಂಚಿನಲ್ಲಿ ಮೇಲಿನಿಂದ ಕೆಳಗೆ ತಿರುಗಿ ಎರಡು ಪದರವನ್ನೂ ಬೆಸೆದುಬಿಡುತ್ತದೆ. ಸ್ವಿಚ್ಚು ಹುಟ್ಟುವಾಗಲೇ ಆನ್. ಆದ್ದರಿಂದ ವಿದ್ಯುತ್ ನೂಲನ್ನು ಬುಟ್ಟಾ ಹಾಕುವ ರೀತಿಯಲ್ಲಿ, ಪದರಕ್ಕೊಂದರಂತೆ ಎರಡು ಪ್ರತ್ಯೇಕ ಕಂಡಿಕೆಗಳಿಂದ, ಅಂದರೆ ನೂಲು ಸುತ್ತಿದ ಚಿಕ್ಕ ಕಡ್ಡಿಗಳಿಂದ, ಕೈಯಲ್ಲೇ ಸೇರಿಸಬೇಕು. ಹತ್ತಿಯ ಹೊಕ್ಕು ಹೋದ, ಎತ್ತಿದ ಎಳೆಗಳ ನಡುವಿನ ಅದೇ ಸಂದಿನಲ್ಲಿ, ನಡುವಿನ ಮೂರಿಂಚಿಗೆ ಮಾತ್ರ ವಿದ್ಯುತ್ ನೂಲನ್ನು ಇಟ್ಟು ಬಡಿಯಿರಿ. ಎರಡು ಅಂಚಿನಿಂದಲೂ ಒಂದೂವರೆ ಇಂಚು ದೂರ ಉಳಿಯಲಿ. ಆಯಾ ಪದರದಲ್ಲಿ ಒಂದು ಹೊಕ್ಕು ಬಿಟ್ಟು ಒಂದಕ್ಕೆ ಹೀಗೆ ಸೇರಿಸುತ್ತ ಒಂದೂವರೆ ಇಂಚು ಉದ್ದ ನೇಯ್ದರೆ ಪಟ್ಟಿ ಆಯಿತು. ಮೇಲಿನ ಪದರದ ನೂಲಿನ ತುದಿಯನ್ನು ಎಡ ಅಂಚಿಗೆ, ಕೆಳಗಿನದನ್ನು ಬಲ ಅಂಚಿಗೆ ತನ್ನಿ. ಪಟ್ಟಿಗೆ ಪದರವೊಂದಕ್ಕೆ ಸುಮಾರು ಒಂದೂವರೆ ಮೀಟರ್ ನೂಲು ಬೇಕು, ಬಟನ್ ಹೊಲಿಯುವುದಕ್ಕೆ ಬೇರೆ.

ಜೇಬು ಮುಚ್ಚುವ ಮೊದಲು ಹಾಳೆ ಒಳಗೆ ಹೋಗಬೇಕು. 2 ಮಿಲಿಮೀಟರ್ ದಪ್ಪದ, ನೀರು ಹೀರದ ಮೆತ್ತನೆಯ ಇ.ವಿ.ಎ. ಫೋಮ್ ಹಾಳೆ, ನಾಲ್ಕು ಇಂಚು ಅಗಲ, ಎರಡೂವರೆ ಇಂಚು ಉದ್ದ. ನಡುವೆ ಸಾಲಾಗಿ 18 ಮಿಲಿಮೀಟರಿನ ಮೂರು ತೂತು. ತೂತು ದೊಡ್ಡದಾದರೆ ಬಟ್ಟೆ ಮಡಚಿದಾಗಲೇ ಗಂಟೆ ಬಾರಿಸುತ್ತದೆ, ಚಿಕ್ಕದಾದರೆ ಅಂಗೈ ಭಾರ ಸಾಲದು. ಹಾಸಿಗೆ ತುಂಬುವ ಸ್ಪಂಜ್ ಬೇಡ, ಅದು ನೀರು ಹೀರಿ ವಾರಗಟ್ಟಲೆ ಒಣಗುವುದಿಲ್ಲ. ಜೇಬಿನ ಉದ್ದ ಮೂರಿಂಚು ಇರಲಿ, ಏಕೆಂದರೆ ಮೊದಲ ಒಗೆತಕ್ಕೆ ಹತ್ತಿ ಕುಗ್ಗುತ್ತದೆ. ಹಾಳೆ ಸರಿಯದಂತೆ ನಾಲ್ಕು ಮೂಲೆಗೆ ಒಂದೊಂದು ಟಾಕು ಹಾಕಿ.

ಯಾವ ನೂಲು? ಬೆಳ್ಳಿ ಲೇಪಿಸಿದ ನೈಲಾನ್ ಮೃದು, ನೇಯಲು ಸುಲಭ, ಆದರೆ ಬ್ಲೀಚ್ ಮತ್ತು ತಿಕ್ಕಾಟಕ್ಕೆ ಲೇಪ ಸವೆಯುತ್ತದೆ. ಗಂಧಕ ತಾಗಿದರೆ ಕಪ್ಪಾಗುತ್ತದೆ. ರಬ್ಬರ್‌ಬ್ಯಾಂಡ್ ಸುತ್ತಿ ಡಬ್ಬದಲ್ಲಿಟ್ಟರೂ ಅದೇ ಗತಿ. ಸ್ಟೇನ್‌ಲೆಸ್ ಸ್ಟೀಲ್ ನೂಲು ಕಪ್ಪಾಗದು, ಆದರೆ ಅದರ ಬಿಡಿ ಎಳೆಗಳು ಮೀಸೆಯಂತೆ ನಿಂತು ಪಕ್ಕದ ಪದರ ಮುಟ್ಟುತ್ತವೆ. ಪಟ್ಟಿಯ ಮೇಲೆ ಎದ್ದ ಎಳೆಗಳನ್ನು ಜೇಬು ಮುಚ್ಚುವ ಮುಂಚೆಯೇ ಕತ್ತರಿಸಬೇಕು. ಕೊಡಗಿಗೆ ನನ್ನ ಆಯ್ಕೆ ಸ್ಟೀಲೇ. ಬೆಳ್ಳಿಯ ಎರಡು ಪಟ್ಟಿಗಳ ನಡುವೆ ಸದಾ ವೋಲ್ಟೇಜ್ ಇದ್ದು, ಬಟ್ಟೆ ತೇವವಾಗಿಯೂ ಇದ್ದರೆ, ಬೆಳ್ಳಿ ಕರಗಿ ಸೂಕ್ಷ್ಮ ಕೂದಲಿನಂತೆ ಆಚೆ ಪಟ್ಟಿಯ ಕಡೆಗೆ ಬೆಳೆದು ಸೇತುವೆ ಕಟ್ಟುತ್ತದೆ.

ವೈರ್ ಜೋಡಣೆಗೆ ಬೆಸುಗೆ ಹಾಕಲು ಹೋಗಬೇಡಿ. ಬೆಸುಗೆ ಕಡ್ಡಿಯ ಶಾಖಕ್ಕೆ ನೈಲಾನ್ ಕರಗುತ್ತದೆ, ಸ್ಟೀಲಿಗೆ ಸಾಮಾನ್ಯ ಸೀಸ ಹಿಡಿಯುವುದಿಲ್ಲ. ಎರಡು ಲೋಹದ ಟಿಚ್ ಬಟನ್ ತೆಗೆದುಕೊಳ್ಳಿ. ಒಂದು ಭಾಗವನ್ನು ಅಂಚಿನ ಹತ್ತಿರ ವಿದ್ಯುತ್ ನೂಲಿನಿಂದಲೇ ಬಿಗಿಯಾಗಿ, ಪ್ರತಿ ತೂತಿಗೆ ಐದಾರು ಸುತ್ತು ಹೊಲಿಯಿರಿ. ಇನ್ನೊಂದು ಭಾಗಕ್ಕೆ, ಅದು ಬಟ್ಟೆಯಿಂದ ದೂರ ಇರುವಾಗಲೇ, ತಾಮ್ರದ ವೈರ್ ಬೆಸೆಯಿರಿ. ಒಗೆಯುವಾಗ ಬಟನ್ ಬಿಚ್ಚಿದರೆ ಆಯಿತು. ವೈರಿಗೆ ಒಂದು ಸಡಿಲ ಸುತ್ತು ಬಿಟ್ಟು ಬಟ್ಟೆಗೆ ಹೊಲಿದು ನಿಲ್ಲಿಸಿ. ಮೆತ್ತನೆಯದು ಗಟ್ಟಿಯದಕ್ಕೆ ಸೇರುವ ಜಾಗದಲ್ಲೇ ಎಳೆ ತುಂಡಾಗುವುದು.

ಇನ್ನು ಗಂಟೆ. ಎರಡು ಪೆನ್ಸಿಲ್ ಸೆಲ್ಲು ಸೇರಿ 3 ವೋಲ್ಟ್, 3 ವೋಲ್ಟಿನ ಚಿಕ್ಕ ಬಜರ್. ಬಜರಿನ ಕರೆಂಟನ್ನು ಬಟ್ಟೆಯಲ್ಲಿ ಹರಿಸಬೇಡಿ, ನೂಲಿನ ತಡೆಯಲ್ಲೇ ಸದ್ದು ಸೊರಗುತ್ತದೆ. ಬಿ.ಸಿ. 547 ಟ್ರಾನ್ಸಿಸ್ಟರ್ ಒಂದು ಇರಲಿ. ಅದರ ಮೂರು ಕಾಲುಗಳು ಬೇಸ್, ಕಲೆಕ್ಟರ್, ಎಮಿಟರ್; ಬೇಸಿಗೆ ಬರುವ ಸಣ್ಣ ಕರೆಂಟಿನಿಂದ ಅದು ಬಜರಿನ ದೊಡ್ಡ ಕರೆಂಟನ್ನು ಹರಿಯಬಿಡುತ್ತದೆ. ಬಜರ್, ಸೆಲ್ಲಿನ ಪ್ಲಸ್ಸಿಗೂ ಟ್ರಾನ್ಸಿಸ್ಟರಿನ ಕಲೆಕ್ಟರಿಗೂ ನಡುವೆ. ಎಮಿಟರ್ ಮೈನಸ್ಸಿಗೆ. ಬಟ್ಟೆಯ ಒಂದು ಬಟನ್ ಪ್ಲಸ್ಸಿಗೆ, ಇನ್ನೊಂದು 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಬೇಸಿಗೆ. ರೆಸಿಸ್ಟರ್ ಎಂದರೆ ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ, ಓಮ್ ಆ ತಡೆಯ ಅಳತೆ.

ತೇವದ ಬಟ್ಟೆಯಲ್ಲಿ ಸೋರುವ ಕರೆಂಟ್ ಗಂಟೆ ಬಾರಿಸದಂತೆ, ಬೇಸಿನಿಂದ ಮೈನಸ್ಸಿಗೆ ಇನ್ನೊಂದು ರೆಸಿಸ್ಟರ್ ಬೇಕು. ಇಲ್ಲಿ 100 ಕಿಲೋ ಓಮ್ ಹಾಕುವ ರೂಢಿಯುಂಟು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ತೇವ ಹೀರುವ ಮಡಿಕೇರಿ, ಭಾಗಮಂಡಲದ ಕಡೆ ಅದು ನಡೆಯದು. ಲೆಕ್ಕ ಹಾಕಿದರೆ, ತೇವದ ಬಟ್ಟೆಯ ತಡೆ ಸುಮಾರು 490 ಕಿಲೋ ಓಮ್‌ಗಿಂತ ಕೆಳಗಿಳಿದರೆ ಸಾಕು, ಯಾರೂ ಮುಟ್ಟದೆಯೇ ಬಜರ್ ಗುಂಯ್‌ಗುಡಲು ಶುರುವಾಗಬಹುದು. ಅದರ ಬದಲು 10 ಕಿಲೋ ಓಮ್ ಹಾಕಿದರೆ ಆ ಮಿತಿ 40 ಕಿಲೋ ಓಮ್‌ಗೆ ಇಳಿಯುತ್ತದೆ. ಒತ್ತಿದಾಗ ಬೇಸಿಗೆ ಸಿಗುವುದು 0.16 ಮಿಲಿ ಆಂಪಿಯರ್. ಬಜರಿಗೆ ಬೇಕಾದ 10 ಮಿಲಿ ಆಂಪಿಯರಿಗೆ ಅಷ್ಟು ಧಾರಾಳ.

ಮುಗಿದ ಮೇಲೆ ತಡೆ ಅಳೆಯುವ ಮಲ್ಟಿಮೀಟರನ್ನು ಬಟ್ಟೆಯ ಎರಡು ಬಟನ್‌ಗಳಿಗೆ ಹಿಡಿಯಿರಿ. ಒತ್ತದೆ ಇದ್ದಾಗ ಏನೂ ತೋರಿಸಬಾರದು. ಒತ್ತಿದರೆ ಕೆಲವು ನೂರು ಓಮ್‌ಗಿಂತ ಹೆಚ್ಚಿರಬಾರದು. ಬಟ್ಟೆಯ ಮೇಲೆ ನೀರು ಚಿಮುಕಿಸಿ ಮತ್ತೆ ಅಳೆಯಿರಿ. ಒತ್ತದೆಯೂ 40 ಕಿಲೋ ಓಮ್‌ಗಿಂತ ಕಡಿಮೆ ಬಂದರೆ ಪಟ್ಟಿಗಳ ನಡುವಿನ ಹಾಳೆ ಸರಿದಿದೆ, ಇಲ್ಲವೇ ಮೈಯ ಬೆವರಿನ ಉಪ್ಪು ನೂಲಿನಲ್ಲಿ ಕೂತಿದೆ. ಉಪ್ಪಾದರೆ ಬರೀ ನೀರಿನಲ್ಲಿ ಎರಡು ಸಲ ಅದ್ದಿ ತೆಗೆದರೆ ಹೋಗುತ್ತದೆ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸುವ ಅಭ್ಯಾಸವನ್ನು ಈ ಬಟ್ಟೆಯ ಮಟ್ಟಿಗೆ ಬಿಡಿ. ಮಸಿ ಕೂತ ಪಟ್ಟಿ ಸರಿಯಾಗಿ ಮುಟ್ಟುವುದಿಲ್ಲ. ನಾಲ್ಕು ಚೌಕಟ್ಟಿನ ನೇಯ್ಗೆಯಲ್ಲಿ ವಿದ್ಯುತ್ ನೂಲು ಹೊರಮೈಯಲ್ಲೂ ಅರ್ಧ ಕಾಣುತ್ತದೆ. 3 ವೋಲ್ಟಿನಿಂದ ಶಾಕ್ ಹೊಡೆಯದು, ಆದರೂ ಬೆವರು ತಾಗದಂತೆ ಎರಡೂ ಕಡೆ ತೆಳು ಹತ್ತಿಯ ಗೌಸು ಹಾಕಿ. ಮನೆಯ ಕರೆಂಟಿನ ಅಡಾಪ್ಟರನ್ನು ಮಾತ್ರ ಈ ಬಟ್ಟೆಗೆ ಎಂದೂ ಜೋಡಿಸಬೇಡಿ, ಸೆಲ್ಲೇ ಇರಲಿ. ಕರೆಂಟ್ ಹೋದ ರಾತ್ರಿಯೂ ಗಂಟೆ ಬಾರಿಸುತ್ತದೆ.

ನಮಸ್ಕಾರ.