ಯಾವ ಕೈ? ಸ್ನೇರ್ ಡ್ರಮ್ ಸೋಲೋ ಕಲಿಯುವವರೊಂದಿಗೆ ಮಾತುಕತೆ

ನಮಸ್ಕಾರ. ಇವತ್ತು ಇಲ್ಲಿ ಎರಡು ಥರದವರು ಕೂತಿದ್ದೀರಿ. ಡ್ರಮ್ ಕಿಟ್ ಕಲಿಯುತ್ತಿರುವವರು ಒಂದಷ್ಟು ಜನ, ಮೃದಂಗದಲ್ಲಿ ಕೈ ಪಳಗಿದವರು ಇನ್ನೊಂದಷ್ಟು ಜನ. ರೂಡಿಮೆಂಟಲ್ ಸೋಲೋ, ಅಂದರೆ ಹೆಸರಿಟ್ಟ ಪುಟ್ಟ ಪುಟ್ಟ ಪೆಟ್ಟಿನ ತುಣುಕುಗಳನ್ನು ಜೋಡಿಸಿ ಸ್ನೇರ್ ಡ್ರಮ್ ಮೇಲೆ ಒಬ್ಬರೇ ನುಡಿಸುವ ರಚನೆ, ಅದರ ಬಗ್ಗೆ ಮಾತಾಡೋದಕ್ಕೆ ಇಂಥ ಗುಂಪೇ ಚೆನ್ನ. ಇದು ಇಬ್ಬರಿಗೂ ಕಷ್ಟ ಕೊಡುತ್ತದೆ, ಆದರೆ ಬೇರೆ ಬೇರೆ ಜಾಗದಲ್ಲಿ.

ಮೊದಲು ಒಂದು ಪ್ರಶ್ನೆ. ಮೃದಂಗಕ್ಕೆ ಎರಡು ಮುಖ. ಬಲಗೈಯ ನಾದ ಬೇರೆ, ಎಡಗೈಯ ನಾದ ಬೇರೆ. ಯಾವ ಪೆಟ್ಟು ಯಾವ ಕೈಯದು ಅಂತ ಕೇಳುವವರಿಗೇ ತಿಳಿಯುತ್ತದೆ. ಸ್ನೇರ್ ಡ್ರಮ್‌ನಲ್ಲಿ ಹಾಗಿಲ್ಲ. ಎರಡೂ ಕೋಲು ಒಂದೇ ಮುಖದ ಮೇಲೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತವೆ. ಎರಡೂ ಕೈ ಒಂದೇ ಥರ ಕೇಳಿಸಬೇಕು ಅಂತ ಮೇಷ್ಟ್ರು ವರ್ಷಗಟ್ಟಲೆ ತಿದ್ದುತ್ತಾರೆ. ಹಾಗಿದ್ದ ಮೇಲೆ ಪುಸ್ತಕದಲ್ಲಿ ಪೆಟ್ಟುಗಳ ಕೆಳಗೆ ಇದು ಬಲ, ಇದು ಎಡ ಅಂತ ಯಾಕೆ ಬರೆದಿರುತ್ತಾರೆ? ಕೇಳುವವರಿಗೆ ಗೊತ್ತಾಗದೇ ಇದ್ದರೆ ಯಾವ ಕೈಯಾದರೇನು, ಅಲ್ವಾ?

ಒಮ್ಮೆ ಮಾಡಿ ನೋಡೋಣ. ಬಲ-ಎಡ-ಬಲ-ಎಡ ಅಂತ ನುಡಿಸುತ್ತಾ ಹೋಗಿ. ಪ್ರತಿ ನಾಲ್ಕರಲ್ಲಿ ಮೊದಲನೆಯದಕ್ಕೆ ಒತ್ತು ಕೊಡಿ. ಒತ್ತು ಪ್ರತಿ ಸಲವೂ ಬಲಗೈಗೇ ಬರುತ್ತದೆ. ಎಡಗೈ ಸುಮ್ನೆ ಹಿಂದೆ ಹಿಂದೆ ಬರುತ್ತದೆ ಅಷ್ಟೇ. ಈಗ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಮಾಡಿ. ಇದೇ ಪ್ಯಾರಡಿಡಲ್. ಕಿವಿಗೆ ಅದೇ ನಾಲ್ಕು ಪೆಟ್ಟು. ಆದರೆ ಒತ್ತು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಬಂತು. ಇನ್ನೊಂದು ವಿಷಯ ಗಮನಿಸಿ. ಬಲಗೈ ಕೊನೆಯ ಎರಡು ಪೆಟ್ಟನ್ನು ತಾನೇ ನೋಡಿಕೊಳ್ಳುವಾಗ ಎಡಗೈಗೆ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಎಡಗೋಲು ಮೇಲಕ್ಕೆ ಹೋಗಿ ಕೂತಿತು. ಮುಂದಿನ ಒತ್ತು ಅಲ್ಲಿಂದಲೇ ಬೀಳುತ್ತದೆ, ಅವಸರವಿಲ್ಲದೆ. ಹೀಗೆ, ಯಾವ ಕೈ ಯಾವಾಗ ಅನ್ನೋದು ನೇರವಾಗಿ ಕೇಳಿಸುವುದಿಲ್ಲ. ಒತ್ತಿನ ತೂಕದಲ್ಲಿ, ಎರಡು ಒತ್ತಿನ ನಡುವಿನ ಸಮಾಧಾನದಲ್ಲಿ ಕೇಳಿಸುತ್ತದೆ. ನನ್ನನ್ನು ಕೇಳಿದರೆ ಸೋಲೋದ ಅರ್ಧ ರಚನೆ ಇರೋದು ಈ ಕೈಗಳ ಕ್ರಮದಲ್ಲೇ.

ಇದು ಹುಟ್ಟಿದ್ದು ಸೈನ್ಯದಲ್ಲಿ. ಏಳುವುದಕ್ಕೆ, ಊಟಕ್ಕೆ, ಸಾಲುಗೂಡುವುದಕ್ಕೆ, ಹಿಂದೆ ಸರಿಯುವುದಕ್ಕೆ ಡ್ರಮ್‌ನಲ್ಲೇ ಆಜ್ಞೆ. ಸಾವಿರ ಜನ ಅದನ್ನು ತಪ್ಪಿಲ್ಲದೆ ಗುರುತಿಸಬೇಕು. ಇಬ್ಬರು ಡ್ರಮ್ಮರ್‌ಗಳು ಒಂದೇ ಆಜ್ಞೆಯನ್ನು ಎರಡು ಥರ ನುಡಿಸಿದರೆ ಗೊಂದಲ. ಹಾಗಾಗಿ ತುಣುಕುಗಳಿಗೆ ಹೆಸರು ಬಂತು, ಕೈಗಳ ಕ್ರಮವೂ ಗಟ್ಟಿಯಾಯಿತು. ಅಮೆರಿಕದಲ್ಲಿ 1812ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಆಶ್‌ವರ್ತ್ ತಂದ ಪುಸ್ತಕದಲ್ಲಿ ಈ ತುಣುಕುಗಳನ್ನು ರೂಡಿಮೆಂಟ್ಸ್ ಅಂತಲೇ ಕರೆದಿದ್ದಾರೆ. 1933ರಲ್ಲಿ ಶಿಕಾಗೋದಲ್ಲಿ ಹದಿಮೂರು ಡ್ರಮ್ಮರ್‌ಗಳು ಸೇರಿ ರೂಡಿಮೆಂಟಲ್ ಡ್ರಮ್ಮರ್‌ಗಳ ರಾಷ್ಟ್ರೀಯ ಸಂಘ ಕಟ್ಟಿದರು. 13 ತುಣುಕುಗಳನ್ನು ಕಡ್ಡಾಯ ಅಂತ ಆರಿಸಿದರು. ಅವನ್ನು ನುಡಿಸಿ ತೋರಿಸಿದವರಿಗೆ ಮಾತ್ರ ಸದಸ್ಯತ್ವ. ಮುಂದೆ ಇನ್ನೂ 13 ಸೇರಿ 26 ಆಯಿತು. 1984ರಲ್ಲಿ ಪರ್ಕಸಿವ್ ಆರ್ಟ್ಸ್ ಸೊಸೈಟಿ ಅನ್ನುವ ತಾಳವಾದ್ಯದವರ ಸಂಸ್ಥೆ ಅದನ್ನು 40ಕ್ಕೆ ಏರಿಸಿತು. ಇವತ್ತು ನಿಮ್ಮ ಕ್ಲಾಸಿನ ಗೋಡೆ ಮೇಲೆ ಅಂಟಿಸಿರೋದು ಆ 40ರ ಪಟ್ಟಿ.

ನನಗೆ ಮಜಾ ಅನಿಸೋದು ಮೊದಲ ಹದಿಮೂರರ ಪಟ್ಟಿ. ಅದರಲ್ಲಿ ಮಾಮೂಲಿ ಪ್ಯಾರಡಿಡಲ್ ಇಲ್ಲ! ಒಂದೊಂದು ಕೈಗೆ ಒಂದೊಂದು ಪೆಟ್ಟಿನ ಸಿಂಗಲ್ ಸ್ಟ್ರೋಕ್ ರೋಲ್ ಕೂಡ ಇಲ್ಲ. ರೋಲ್ ಅಂದರೆ ಬಿಡುವಿಲ್ಲದೆ ಸಾಲಾಗಿ ಬರುವ ಪೆಟ್ಟುಗಳು. ಈ ಎರಡು ತುಣುಕೂ ಎರಡನೇ ಹದಿಮೂರಕ್ಕೆ ಹೋಗಿವೆ. ಮೊದಲ ಪಟ್ಟಿಯಲ್ಲಿ ಡಬಲ್ ಪ್ಯಾರಡಿಡಲ್ ಇದೆ, ಫ್ಲ್ಯಾಮ್ ಪ್ಯಾರಡಿಡಲ್ ಇದೆ, ರಾಟಮಾಕ್ಯೂ ಎರಡು ಥರದ್ದು ಇದೆ, ಎಲ್ಲ ಇನ್ನೂ ತೊಡಕಿನ ತುಣುಕುಗಳು. ಅಂದರೆ ಸುಲಭದಿಂದ ಕಷ್ಟಕ್ಕೆ ಅನ್ನೋ ಲೆಕ್ಕದಲ್ಲಿ ಜೋಡಿಸಿದ ಪಾಠವಲ್ಲ ಅದು. ಇವನಿಗೆ ಡ್ರಮ್ ಬರುತ್ತದೆ ಅಂತ ಪರೀಕ್ಷೆ ಮಾಡಲು ಆರಿಸಿದ್ದು. ಇದನ್ನು ಯಾಕೆ ಹೇಳಿದೆ ಅಂದರೆ, 40ನ್ನೂ ಕಲಿತ ಮೇಲೆ ಸೋಲೋಗೆ ಕೈ ಹಾಕುತ್ತೇನೆ ಅನ್ನುವ ಹುಡುಗರು ಜಾಸ್ತಿ. ಕಾಗುಣಿತ ಪೂರ್ತಿ ಬಂದ ಮೇಲೇ ಮಗು ಮಾತಾಡಲಿ ಅಂದ ಹಾಗಾಯಿತು. ಐದಾರು ತುಣುಕು ಬಂದರೆ ಚಿಕ್ಕ ಸೋಲೋ ಶುರು ಮಾಡಬಹುದು. ಉಳಿದದ್ದನ್ನು ಸೋಲೋನೇ ಕಲಿಸುತ್ತದೆ.

ಈಗ ಮೃದಂಗದವರಿಗೆ ಒಂದು ಎಚ್ಚರಿಕೆ. ಫೈವ್ ಸ್ಟ್ರೋಕ್ ರೋಲ್ ಅಂದ ಕೂಡಲೇ ನಿಮ್ಮ ಬಾಯಲ್ಲಿ ತಕತಕಿಟ ಬಂದುಬಿಡುತ್ತದೆ. ಎಣಿಕೆಗೆ ಐದರ ಖಂಡ ನಡೆ ಅಂದುಕೊಳ್ಳುತ್ತೀರಿ. ಇಲ್ಲಿರುವ ಐದು ಕೋಲು ಮುಟ್ಟಿದ ಲೆಕ್ಕ, ಕಾಲದ ಲೆಕ್ಕವಲ್ಲ. ಬಲ-ಬಲ, ಎಡ-ಎಡ, ಬಲ. ಮೊದಲ ನಾಲ್ಕು ಬೇಗ ಬೇಗ ಓಡಿ ಬರುತ್ತವೆ, ಐದನೆಯದು ಒತ್ತಿನ ಜೊತೆ ಇಳಿಯುತ್ತದೆ. ಕೈ ಎಷ್ಟು ಸಲ ಇಳಿಯಿತು ಅಂತ ನೋಡಿ. ಬಲ, ಎಡ, ಬಲ, ಮೂರೇ ಸಲ. ಸೆವೆನ್ ಸ್ಟ್ರೋಕ್‌ಗೆ ನಾಲ್ಕು ಸಲ, ನೈನ್‌ಗೆ ಐದು ಸಲ. ಹಾಗಾಗಿ ಐದು ಮತ್ತು ಒಂಬತ್ತು ಶುರುವಾದ ಕೈಯಲ್ಲೇ ಮುಗಿಯುತ್ತವೆ, ಏಳು ಮಾತ್ರ ಇನ್ನೊಂದು ಕೈಯಲ್ಲಿ ಮುಗಿಯುತ್ತದೆ. ಸೋಲೋ ನಡುವೆ ಕೈ ತಪ್ಪಿ ನಿಂತುಬಿಟ್ಟಿರಿ ಅಂದರೆ ಹಿಂದೆ ಎಲ್ಲೋ ಒಂದು ಸೆವೆನ್ ಇದೆಯಾ ಅಂತ ಮೊದಲು ನೋಡಿ.

ರೋಲ್‌ಗಳನ್ನು ಕಲಿಯಲು ನಾನು ಕೊಡುವ ಮೊದಲ ಸೋಲೋ ‘ಥ್ರೀ ಕ್ಯಾಂಪ್ಸ್’. ಬೆಳಗ್ಗೆ ಸೈನಿಕರನ್ನು ಎಬ್ಬಿಸಲು ನುಡಿಸುತ್ತಿದ್ದ ಹಳೆಯ ರಚನೆ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, 1862ರಲ್ಲಿ, ಬ್ರೂಸ್ ಮತ್ತು ಎಮ್ಮೆಟ್ ಅನ್ನುವವರು ಡ್ರಮ್ಮರ್‌ಗಳಿಗೂ ಕೊಳಲಿನವರಿಗೂ ಒಂದು ಕೈಪಿಡಿ ತಂದರು. ಇಂಥ ಕ್ಯಾಂಪಿನ ನುಡಿಸಾಣಿಕೆಗಳೇ ಅದರ ತಿರುಳು. ಥ್ರೀ ಕ್ಯಾಂಪ್ಸ್ ಮೊದಲಿಂದ ಕೊನೆವರೆಗೂ ರೋಲ್. ನೋಡಿದರೆ ಹೆದರಿಕೆ ಆಗುತ್ತದೆ. ಆದರೆ ಇವತ್ತು ಸಾಮಾನ್ಯವಾಗಿ ಕಲಿಸುವ ರೂಪದಲ್ಲಿ ಅದರ ಒಳಗಿನ ಎಲುಬು ತಿಶ್ರ. ತಾಳದ ಒಂದು ಎಣಿಕೆಗೆ ಕೈ ಮೂರು ಸಲ ಇಳಿಯುತ್ತದೆ. ಮೂರು ಬೆಸ ಆದ್ದರಿಂದ ಪ್ರತಿ ಎಣಿಕೆಗೂ ಮುಂದಾಳು ಕೈ ಬದಲಾಗುತ್ತದೆ.

ಅಭ್ಯಾಸ ಮಾಡೋದು ಹೀಗೆ. ಡಬಲ್‌ಗಳನ್ನೆಲ್ಲ ತೆಗೆದುಬಿಡಿ. ಬಲ-ಬಲ ಇದ್ದ ಕಡೆ ಒಂದೇ ಬಲ, ಎಡ-ಎಡ ಇದ್ದ ಕಡೆ ಒಂದೇ ಎಡ. ಒತ್ತುಗಳು ಎಲ್ಲಿದ್ದವೋ ಅಲ್ಲೇ ಇರಲಿ. ಈ ಬರೀ ಎಲುಬನ್ನು ನುಡಿಸಿ. ಅದು ಅಲುಗಾಡದೆ ನಿಂತ ಮೇಲೆ ಮೊದಲ ಸಾಲಿಗೆ ಮಾತ್ರ ಡಬಲ್ ತುಂಬಿಸಿ. ಆಗ ಕೈಗಳ ವೇಗ ಬದಲಾಗಬಾರದು. ಒಂದು ಕೋಲು ಒಮ್ಮೆ ಮುಟ್ಟುತ್ತಿದ್ದ ಜಾಗದಲ್ಲಿ ಎರಡು ಸಲ ಮುಟ್ಟುತ್ತದೆ, ಅಷ್ಟೇ ವ್ಯತ್ಯಾಸ. ರೋಲ್ ಬಂದ ಕೂಡಲೇ ಓಡುವ ಕಾಯಿಲೆ ಎಲ್ಲರಿಗೂ ಇದೆ. ಮದ್ದು ಇದೇ. ಎಲುಬು, ತುಂಬಿದ್ದು, ಮತ್ತೆ ಎಲುಬು ಅಂತ ನಿಲ್ಲಿಸದೆ ಬದಲಿಸುತ್ತಾ ಹೋಗಿ. ಕಾಲು ನೆಲಕ್ಕೆ ತಟ್ಟುತ್ತಿರಲಿ. ಇವು ನಡೆಯುತ್ತಾ ನುಡಿಸಲು ಹುಟ್ಟಿದ ರಚನೆಗಳು. ಕಾಲು ನಿಂತರೆ ಲಯ ತೇಲುತ್ತದೆ.

ಇನ್ನು ಕೋಲಿನ ಎತ್ತರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಎಲ್ಲ ಎಡವಟ್ಟೂ ಇಲ್ಲೇ ಆಗೋದು. ಒತ್ತು ಅಂದರೆ ಜೋರಾಗಿ ಹೊಡೆಯೋದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಜೋರು ಬೇಕಿಲ್ಲ, ಎತ್ತರ ಸಾಕು. ಒತ್ತಿನ ಪೆಟ್ಟು ಒಂದು ಗೇಣು ಮೇಲಿಂದ, ಸಾದಾ ಪೆಟ್ಟು ಎರಡು ಬೆರಳಿನ ಎತ್ತರದಿಂದ. ತೊಂದರೆ ಬರೋದು ಒಂದೇ ಕೈಯಲ್ಲಿ ಒತ್ತಿನ ಹಿಂದೆಯೇ ಸಾದಾ ಪೆಟ್ಟು ಬಂದಾಗ. ಒತ್ತು ಕೊಟ್ಟ ಕೋಲು ತಾನಾಗಿ ಪುಟಿದು ಮೇಲೇಳುತ್ತದೆ. ಅದನ್ನು ಕೆಳಗೇ ತಡೆದು ನಿಲ್ಲಿಸದಿದ್ದರೆ ಮುಂದಿನ ಪೆಟ್ಟೂ ಜೋರಾಗುತ್ತದೆ. ಹಾಗೆಯೇ ಸಾದಾ ಪೆಟ್ಟಿನ ನಂತರ ಒತ್ತು ಬರುವುದಿದ್ದರೆ, ಆ ಸಾದಾ ಪೆಟ್ಟು ಮುಟ್ಟಿದ ಕ್ಷಣವೇ ಮಣಿಕಟ್ಟು ಕೋಲನ್ನು ಮೇಲಕ್ಕೆ ಒಯ್ಯಬೇಕು. ಅಂದರೆ ಪ್ರತಿ ಪೆಟ್ಟೂ ಮುಂದಿನ ಪೆಟ್ಟಿಗೆ ಜಾಗ ಮಾಡಿಕೊಡಬೇಕು.

ಫ್ಲ್ಯಾಮ್‌ನಲ್ಲಿ ಇದು ಇನ್ನೂ ಬಿಗಿ. ಕೆಳಗಿನ ಕೋಲು ಕೂದಲೆಳೆಯಷ್ಟು ಮುಂಚೆ ಮೆತ್ತಗೆ ಮುಟ್ಟುತ್ತದೆ, ಮೇಲಿನ ಕೋಲು ಹಿಂದೆಯೇ ಬೀಳುತ್ತದೆ. ಮುಂದಿನ ಫ್ಲ್ಯಾಮ್ ಇನ್ನೊಂದು ಕೈಯದಾದರೆ ಎರಡೂ ಕೋಲು ಎತ್ತರ ಬದಲಿಸಿಕೊಳ್ಳಬೇಕು. ಫ್ಲ್ಯಾಮ್ ಟ್ಯಾಪ್‌ನಲ್ಲಿ ಒಂದು ಕೈ ಸತತವಾಗಿ ಮೂರು ಪೆಟ್ಟು ನುಡಿಸುತ್ತದೆ. ಎತ್ತರದ್ದು ಒಂದು, ಸಾದಾ ಒಂದು, ಇನ್ನೊಂದು ಕೈಗೆ ಮುನ್ನುಡಿಯಾಗುವ ಮೆತ್ತನೆಯದು ಒಂದು. ಆ ಮೂರನ್ನೇ ಒಂದು ಕೈಯಲ್ಲಿ ಪ್ರತ್ಯೇಕವಾಗಿ ನುಡಿಸಿ ಸರಿಮಾಡಿಕೊಳ್ಳಿ. ಇನ್ನೊಂದು ಕೈ ಜೇಬಿನಲ್ಲಿರಲಿ.

ರಬ್ಬರ್ ಪ್ಯಾಡ್ ಮೇಲೆ ಅಭ್ಯಾಸ ಮಾಡಿ, ಅಕ್ಕಪಕ್ಕದ ಮನೆಯವರೂ ಬದುಕಬೇಕಲ್ಲ. ಆದರೆ ಪ್ಯಾಡನ್ನು ಪೂರ್ತಿ ನಂಬಬೇಡಿ. ಅದು ಚೆನ್ನಾಗಿ ಪುಟಿಸುತ್ತದೆ. ಡಬಲ್‌ನ ಎರಡನೇ ಪೆಟ್ಟು ಸೊರಗಿದ್ದರೂ ಅದರ ಮೇಲೆ ಸರಿಯಾಗಿಯೇ ಇದೆ ಅನಿಸುತ್ತದೆ. ವಾರಕ್ಕೊಮ್ಮೆಯಾದರೂ ನಿಜವಾದ ಡ್ರಮ್ ಮೇಲೆ, ಕೆಳಗಿನ ತಂತಿ ಬಿಗಿದು ನುಡಿಸಿ. ಬಣ್ಣ ಬಯಲಾಗುತ್ತದೆ. ಗ್ರಿಪ್, ಅಂದರೆ ಕೋಲು ಹಿಡಿಯುವ ಬಗೆ, ಅದರ ಬಗ್ಗೆ ಜಗಳ ಬೇಡ. ಹಳಬರು ಡ್ರಮ್ಮನ್ನು ಹೆಗಲಿಗೆ ನೇತುಹಾಕಿ ನಡೆಯುತ್ತಿದ್ದರು. ಡ್ರಮ್ ಓರೆಯಾಗಿ ವಾಲುತ್ತಿತ್ತು, ಅದಕ್ಕೇ ಎಡಗೈ ಅಂಗೈ ಮೇಲಾಗಿ ಕೋಲು ಹಿಡಿಯುತ್ತಿತ್ತು. ನಿಮ್ಮ ಡ್ರಮ್ ಸ್ಟ್ಯಾಂಡ್ ಮೇಲೆ ಮಟ್ಟಸವಾಗಿ ಕೂತಿದೆ. ಎರಡೂ ಕೈ ಒಂದೇ ಥರ ಹಿಡಿದರೆ ಸಾಕು.

ವೇಗದ ವಿಷಯ. ಹಳೆಯ ಸಂಘದವರ ಪರೀಕ್ಷೆಯಲ್ಲಿ ಒಂದು ಜಾಣತನವಿತ್ತು. ಪ್ರತಿ ತುಣುಕನ್ನೂ ತೀರಾ ನಿಧಾನವಾಗಿ ಶುರುಮಾಡಬೇಕು, ಸ್ವಲ್ಪ ಸ್ವಲ್ಪವೇ ಏರಿಸಿ ಅತಿ ವೇಗಕ್ಕೆ ಹೋಗಬೇಕು, ಅಷ್ಟೇ ನಾಜೂಕಾಗಿ ಇಳಿದು ಮತ್ತೆ ನಿಧಾನಕ್ಕೆ ಬರಬೇಕು. ಏರುವುದಕ್ಕಿಂತ ಇಳಿಯುವುದು ಕಷ್ಟ. ಯಾಕೆ ಗೊತ್ತಾ? ನಿಧಾನದಲ್ಲಿ ಡಬಲ್‌ನ ಎರಡೂ ಪೆಟ್ಟು ಮಣಿಕಟ್ಟಿನಿಂದ ಬರುತ್ತವೆ. ವೇಗ ಹೆಚ್ಚಾದಾಗ ಮಣಿಕಟ್ಟು ಒಂದು ಸಲ ಮಾತ್ರ ಇಳಿಯುತ್ತದೆ, ಎರಡನೆಯದನ್ನು ಪುಟಿತ ಮತ್ತು ಬೆರಳು ಸೇರಿ ಮಾಡುತ್ತವೆ. ನಡುವೆ ಎಲ್ಲೋ ಒಂದು ಕಡೆ ಒಂದು ವಿಧಾನ ಬಿಟ್ಟು ಇನ್ನೊಂದು ಹಿಡಿಯಬೇಕು. ಏರುವಾಗ ಆ ತೇಪೆ ವೇಗದಲ್ಲಿ ಮುಚ್ಚಿಹೋಗುತ್ತದೆ. ಇಳಿಯುವಾಗ ಕಾಣುತ್ತದೆ. ಸೋಲೋಗಳು ನಡೆಯುವುದು ಹೆಚ್ಚಾಗಿ ಆ ತೇಪೆಯ ಆಸುಪಾಸಿನ ವೇಗದಲ್ಲೇ. ಇಂಟರ್ನೆಟ್‌ನಲ್ಲಿ ಗುಂಯ್ ಅಂತ ರೋಲ್ ಓಡಿಸುವವರನ್ನು ನೋಡಿ ಮರುಳಾಗಬೇಡಿ. ಅವರನ್ನೇ ನಿಧಾನಕ್ಕೆ ಇಳಿಸಲು ಹೇಳಿ ನೋಡಿ.

ಅಮೆರಿಕ ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬನ್ನಿ. ಅಲ್ಲಿನ ಫಾಸ್ನಾಖ್ಟ್ ಹಬ್ಬ ಸೋಮವಾರ ಬೆಳಗಿನ ಜಾವ 4 ಗಂಟೆಗೆ ಶುರು. ಊರಿನ ದೀಪವೆಲ್ಲ ಆರಿಸಿ, ಲಾಟೀನು ಹೊತ್ತು, ಡ್ರಮ್ ಮತ್ತು ಚಿಕ್ಕ ಕೊಳಲು ಹಿಡಿದು ಬೀದಿಗಿಳಿಯುತ್ತಾರೆ. ಅಲ್ಲಿನ ಮಾರ್ಚ್‌ಗಳನ್ನು ಫ್ರಿಟ್ಜ್ ಬರ್ಗರ್ 1928ರಲ್ಲಿ ಪುಸ್ತಕ ಮಾಡಿದರು. ಅವರ ಬರವಣಿಗೆ ಪದ್ಧತಿ ನನಗೆ ಬಹಳ ಇಷ್ಟ. ಒಂದೇ ಒಂದು ಗೆರೆ. ಬಲಗೈಯ ಪೆಟ್ಟು ಗೆರೆಯ ಮೇಲೆ, ಎಡಗೈಯದು ಗೆರೆಯ ಕೆಳಗೆ. ಓದುವವನ ಕಣ್ಣಿಗೆ ಮೊದಲು ಬೀಳೋದೇ ಯಾವ ಕೈ ಅನ್ನೋದು. ನಿಮ್ಮ ಸೋಲೋವನ್ನು ಒಮ್ಮೆ ಈ ಥರ ಒಂದು ಹಾಳೆ ಮೇಲೆ ಬರೆದುಕೊಳ್ಳಿ. ಎಲ್ಲಿ ಕೈ ತಪ್ಪುತ್ತಿದೆ ಅಂತ ಕೋಲು ಹಿಡಿಯುವ ಮೊದಲೇ ತಿಳಿಯುತ್ತದೆ.

ಕಿಟ್ ನುಡಿಸುವವರು ಇಷ್ಟು ಹೊತ್ತು ಸುಮ್ಮನೆ ಕೂತಿದ್ದೀರಿ. ಮೆರವಣಿಗೆಯ ಸಂಗೀತ ನಮಗ್ಯಾಕೆ ಅಂತ ಅನಿಸಿರಬಹುದು. ಕ್ಲೀವ್‌ಲ್ಯಾಂಡ್‌ನಲ್ಲಿ ಚಾರ್ಲಿ ವಿಲ್‌ಕಾಕ್ಸನ್ ಅಂತ ಒಬ್ಬ ಮೇಷ್ಟ್ರು ಇದ್ದರು. 1941ರಲ್ಲಿ ಅವರು ಇದೇ ಹಳೆಯ ತುಣುಕುಗಳನ್ನು ಜ್ಯಾಝ್‌ನ ಸ್ವಿಂಗ್ ಲಯಕ್ಕೆ ಬಗ್ಗಿಸಿ ಸೋಲೋಗಳನ್ನು ಬರೆದರು. 1945ರಲ್ಲಿ 150 ಸೋಲೋಗಳ ಇನ್ನೊಂದು ಪುಸ್ತಕ ‘ದಿ ಆಲ್ ಅಮೆರಿಕನ್ ಡ್ರಮ್ಮರ್’ ಬಂತು. ಜ್ಯಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದ ಡ್ರಮ್ಮರ್ ಫಿಲ್ಲಿ ಜೋ ಜೋನ್ಸ್ ವಿಲ್‌ಕಾಕ್ಸನ್ ಸೋಲೋಗಳನ್ನು ಅರೆದು ಕುಡಿದಿದ್ದರು. ಅವರ ಜ್ಯಾಝ್ ಸೋಲೋಗಳಲ್ಲಿ ಅವು ತುಂಡು ತುಂಡಾಗಿ ಬಂದು ಹೋಗುತ್ತವೆ.

ಕಿಟ್‌ನಲ್ಲಿ ಏನಾಗುತ್ತದೆ ನೋಡಿ. ಪ್ಯಾರಡಿಡಲ್ ನುಡಿಸುತ್ತಾ ಬಲಗೈಯನ್ನು ಪಕ್ಕದಲ್ಲಿ ನಿಂತಿರುವ ದೊಡ್ಡ ಡ್ರಮ್, ಫ್ಲೋರ್ ಟಾಮ್, ಮೇಲಿಡಿ, ಎಡಗೈ ಸ್ನೇರ್ ಮೇಲೇ ಇರಲಿ. ಇಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದ ಕೈಗಳ ಕ್ರಮ ಈಗ ಒಂದು ರಾಗದ ಹಾಗೆ ಹೊರಗೆ ಬಂತು. ಮೃದಂಗದವರ ಮುಖ ಅರಳಿತು ನೋಡಿ! ನಿಮ್ಮ ಎರಡು ಮುಖದ ವಾದ್ಯ ಸಿಕ್ಕಿಬಿಟ್ಟಿತು. ಅದಕ್ಕೇ ಕೈ ಅದಲುಬದಲು ಮಾಡಿ ಕಲಿತವರು ಕಿಟ್‌ಗೆ ಬಂದಾಗ ಬೇರೆಯದೇ ಸೋಲೋ ನುಡಿಸುತ್ತಿರುತ್ತಾರೆ.

ಥ್ರೀ ಕ್ಯಾಂಪ್ಸ್ ಆದ ಮೇಲೆ ವಿಲ್‌ಕಾಕ್ಸನ್‌ರ 150ರಲ್ಲಿ ಮೊದಲ ಕೆಲವನ್ನು ಹಿಡಿಯಿರಿ. ಚಿಕ್ಕವು, ಕೈಗಳ ಗುರುತೂ ಇದೆ. ಜಾನ್ ಪ್ರ್ಯಾಟ್ 1959ರಲ್ಲಿ ತಂದ 14 ಸ್ಪರ್ಧೆ ಸೋಲೋಗಳಿಗೆ ಆತುರ ಬೇಡ. ಅವು ಚೆನ್ನಾಗಿವೆ, ಆದರೆ ಫ್ಲ್ಯಾಮ್ ನಿಲ್ಲದವರನ್ನು ಮೊದಲ ಪುಟದಲ್ಲೇ ಬೀಳಿಸುತ್ತವೆ.

ಸರಿ, ಮಾತು ಸಾಕು. ಪ್ಯಾಡ್ ಹೊರಗೆ ತೆಗೆಯಿರಿ, ಕೋಲು ಚೀಲದಲ್ಲೇ ಇರಲಿ. ನಿಮ್ಮ ಮುಂದಿರುವ ಹಾಳೆಯ ಮೊದಲ ಸಾಲನ್ನು ಎಲ್ಲರೂ ಬಾಯಲ್ಲಿ ಹೇಳೋಣ, ಒತ್ತು ಬಂದ ಕಡೆ ಅದೇ ಕೈಯಿಂದ ತೊಡೆ ತಟ್ಟಿ. ಹಿಂದಿನ ಸಾಲಿನವರೂ ಸೇರಿ. ನಾನು ನಾಲ್ಕು ಎಣಿಸುತ್ತೇನೆ.