ಫಿರೋಜಾ ಹರಳು ಬಣ್ಣ ತಿರುಗಿದರೆ

ಕೇಳುಗರಿಗೆಲ್ಲ ನಮಸ್ಕಾರ.

ಬೆರಳಲ್ಲಿದ್ದ ಫಿರೋಜಾ ನೀಲಿ ಕಳೆದು ಹಸಿರಾಯಿತೆಂದರೆ ಏನೋ ಗಂಡಾಂತರ ಕಾದಿದೆ ಎಂದು ಹೆದರುವವರಿದ್ದಾರೆ. ಹೆದರುವ ಮೊದಲು, ಉಂಗುರ ತೊಟ್ಟ ಕೈ ವಾರವಿಡೀ ಏನೇನು ಮಾಡಿತು, ನೆನಪು ಮಾಡಿಕೊಳ್ಳಿ. ತಲೆಗೆ ತೆಂಗಿನೆಣ್ಣೆ ತಿಕ್ಕಿತೆ? ಬಂಗಡೆ ತೊಳೆಯಿತೆ? ಕೋಕಂ ಹಿಂಡಿತೆ? ಕಾರವಾರದ ಮೇ ತಿಂಗಳ ಬೆವರಂತೂ ಇದ್ದದ್ದೇ.

ಈ ಹರಳಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಎಣ್ಣೆ, ಬೆವರು, ಸೋಪಿನ ನೀರು, ಅತ್ತರು ಎಲ್ಲವನ್ನೂ ಹೀರುತ್ತದೆ. ತಾಮ್ರ, ಅಲ್ಯುಮಿನಿಯಂ, ಫಾಸ್ಫೇಟು, ನೀರು ಸೇರಿ ಆದ ಖನಿಜವಿದು. ನೀಲಿ ತಾಮ್ರದ್ದು, ಕಬ್ಬಿಣ ಬೆರೆತಷ್ಟೂ ಹಸಿರು. ಹಾಗಾಗಿ ಹುಟ್ಟಿನಿಂದಲೇ ಹಸಿರಿದ್ದರೆ ಅದು ದೋಷವಲ್ಲ. ತೊಟ್ಟ ಮೇಲೆ ಮಂಕಾಗಿ ಹಸಿರಾದರೆ, ಅದು ಹೆಚ್ಚಾಗಿ ಹೀರಿದ ಎಣ್ಣೆಯ ಕೆಲಸ. ಒಳಗಿಳಿದ ಎಣ್ಣೆಯನ್ನು ಹೊರತೆಗೆಯುವುದು ಬಹಳ ಕಷ್ಟ.

ಗಟ್ಟಿತನವೂ ಅಷ್ಟಕ್ಕಷ್ಟೇ: ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ 5ರಿಂದ 6. ಕಡಲತಡಿಯ ಮರಳಿನಲ್ಲಿರುವ ಬೆಣಚುಕಲ್ಲಿನ ಕಣ 7. ಗೀರು ಬೀಳುವುದು ಯಾವುದಕ್ಕೆಂದು ಬೇರೆ ಹೇಳಬೇಕಿಲ್ಲ. ಸಮುದ್ರಕ್ಕಿಳಿಯುವಾಗ ತೆಗೆದಿಡಿ.

ಬೆಳ್ಳಿ ಕಪ್ಪಾದರೆ ಹುಣಸೆಹುಳಿ ಹಚ್ಚಿ ತಿಕ್ಕುವ ರೂಢಿ ನಮ್ಮಲ್ಲಿದೆ. ಫಿರೋಜಾ ಕೂರಿಸಿದ ಉಂಗುರಕ್ಕೆ ಅದು ಬೇಡ, ಹುಳಿ ಹರಳಿನ ಹೊಳಪು ತಿನ್ನುತ್ತದೆ. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದುವುದೂ ಬೇಡ, ಶಬ್ದತರಂಗದಿಂದ ಆಭರಣ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರವೂ ಬೇಡ. ಉಂಗುರಕ್ಕೆ ಬೆಸುಗೆ ಹಾಕಬೇಕಾದರೆ ಹರಳು ಬಿಡಿಸಿಯೇ ಹಾಕಿ ಎಂದು ಅಕ್ಕಸಾಲಿಗರಿಗೆ ಮೊದಲೇ ಹೇಳಿ. ಬೆಂಕಿಯ ಝಳಕ್ಕೆ ಹರಳು ಸೀಳುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಹಳೇ ಹತ್ತಿಬಟ್ಟೆಯ ತುದಿ ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಹರಳನ್ನು ಒರೆಸಿ, ಕೂಡಲೇ ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಕ್ರೀಮು, ಅತ್ತರು ಹಚ್ಚಿ, ಅದು ಆರಿದ ಮೇಲೆ ಉಂಗುರ ತೊಡಿ. ಬೇರೆ ಆಭರಣದ ಜೊತೆ ಉಜ್ಜದಂತೆ ಮೆತ್ತನೆ ಚೀಲದಲ್ಲಿಡಿ.

ಇನ್ನು ವಾಸಿ ಮಾಡುವ ಗುಣ. ಗಂಟಲಿಗೆ, ಮನಸ್ಸಿನ ನೆಮ್ಮದಿಗೆ ಒಳ್ಳೆಯದೆಂಬ ನಂಬಿಕೆ ಹಳೆಯದು. ವೈದ್ಯಶಾಸ್ತ್ರದ ಪುರಾವೆ ಇಲ್ಲ. ನೆಮ್ಮದಿ ಸಿಕ್ಕರೆ ತೊಡಿ, ಆದರೆ ಇದರ ಬಲದ ಮೇಲೆ ಮಾತ್ರೆ ಬಿಡಬೇಡಿ. ಹರಳು ನೆನೆಸಿದ ನೀರು ಕುಡಿಯುವುದಂತೂ ಕೂಡದು, ಅದರಲ್ಲಿ ತಾಮ್ರವಿದೆ. ಶುದ್ಧಿ ಎಂದು ಉಪ್ಪುನೀರಿನಲ್ಲಿ ಮುಳುಗಿಸುವುದು, ಬಿಸಿಲಿಗಿಡುವುದು ಎರಡೂ ಹರಳಿಗೆ ಕೇಡು. ಬೆಳದಿಂಗಳಿಗಿಟ್ಟರೆ ತೊಂದರೆಯಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಹೌಲೈಟ್ ಎಂಬ ಬಿಳಿ ಕಲ್ಲಿಗೆ ಬಣ್ಣ ಹಾಕಿ ಫಿರೋಜಾ ಎಂದು ಮಾರುತ್ತಾರೆ, ಕಪ್ಪು ಗೆರೆಯೂ ಥೇಟ್ ಹಾಗೇ ಇರುತ್ತದೆ. ಹರಳಿನ ಹಿಂಬದಿಗೆ, ಕಾಣದ ಜಾಗದಲ್ಲಿ, ನೇಲ್ ಪಾಲಿಶ್ ತೆಗೆಯುವ ಅಸಿಟೋನನ್ನು ಹತ್ತಿಯಲ್ಲಿ ಒಂದಿಷ್ಟೇ ಸೋಕಿಸಿದಾಗ ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದಾರೆಂದೇ ಅರ್ಥ. ಹತ್ತಿ ಬೆಳ್ಳಗೇ ಉಳಿಯಿತೆಂದ ಮಾತ್ರಕ್ಕೆ ಅಸಲಿಯೆಂದು ನಿಶ್ಚಯಿಸಬೇಡಿ. ರಾಳ ತುಂಬಿ ಗಟ್ಟಿ ಮಾಡಿದ ಅಸಲಿ ಹರಳೂ ಸಿಗುತ್ತದೆ, ಅದು ಮೋಸವಲ್ಲ. ಬೆವರು, ಎಣ್ಣೆ ಬೇಗ ಹೀರುವುದಿಲ್ಲವಾದ್ದರಿಂದ ಕರಾವಳಿಯಲ್ಲಿ ದಿನಾ ತೊಡುವವರಿಗೆ ಅದೇ ವಾಸಿ. ಬೆಲೆ ಕಡಿಮೆಯಿರಬೇಕು, ರಾಳ ತುಂಬಿದೆ ಎಂದು ರಸೀದಿಯಲ್ಲಿ ಬರೆದಿರಬೇಕು.

ನಮಸ್ಕಾರ.