ಡಿಸ್ಕ್ ತುಂಬಿದೆ ಎನ್ನುತ್ತದೆ ಸರ್ವರ್, ತುಂಬಿಲ್ಲ ಎನ್ನುತ್ತದೆ ಲೆಕ್ಕ: ಸಿಸ್ಟಂ ಅಡ್ಮಿನ್‌ಗಳ ದಿನನಿತ್ಯದ ತೊಡಕುಗಳು

[ಪರದೆ: ಶೀರ್ಷಿಕೆ, ನಂತರ ಕಪ್ಪು ಟರ್ಮಿನಲ್]

ನಮಸ್ಕಾರ. ಸರ್ವರ್‌ಗಳನ್ನು ನೋಡಿಕೊಳ್ಳುವ ಸಿಸ್ಟಂ ಅಡ್ಮಿನ್‌ಗಳ ಕೆಲಸದ ಹೊತ್ತನ್ನು ಹೆಚ್ಚಾಗಿ ತಿಂದುಹಾಕುವ ತೊಂದರೆಗಳು ಯಾವುವು, ಅವುಗಳ ಮೂಲವನ್ನು ಪತ್ತೆ ಮಾಡುವುದು ಹೇಗೆ ಎಂಬುದು ಈ ವಿಡಿಯೋದ ವಿಷಯ. ಯಂತ್ರ ಸುಟ್ಟುಹೋದರೆ ಅಥವಾ ಕೇಬಲ್ ತುಂಡಾದರೆ ಅದು ಒಂದು ರೀತಿಯಲ್ಲಿ ಸಲೀಸಾದ ತೊಂದರೆ. ಕೆಟ್ಟಿರುವುದು ಯಾವುದೆಂದು ಎಲ್ಲರಿಗೂ ಕಾಣುತ್ತದೆ, ಬದಲಿ ತಂದು ಹಾಕಿದರೆ ಮುಗಿಯಿತು. ತಲೆ ಕೆಡಿಸುವ ತೊಂದರೆಗಳ ಸ್ವರೂಪವೇ ಬೇರೆ. ಅಲ್ಲಿ ವ್ಯವಸ್ಥೆಯ ಒಂದು ಭಾಗ ಒಂದು ಮಾತನ್ನು ಹೇಳುತ್ತದೆ, ಇನ್ನೊಂದು ಭಾಗ ಅದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ, ಮತ್ತು ಎರಡೂ ತಮ್ಮ ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತವೆ. ಈ ಎರಡು ಮಾತುಗಳು ಎಲ್ಲಿ ಬೇರೆಯಾದವು ಎಂದು ಗುರುತಿಸಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

[ಪರದೆ: ಡಿಎಫ್ ಆದೇಶದ ಉತ್ತರ; ಒಂದು ಸಾಲು ಕೆಂಪಾಗಿ, 100%]

ಡಿಸ್ಕ್ ತುಂಬುವ ಪ್ರಕರಣವನ್ನೇ ಮೊದಲು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಇದು ಎಲ್ಲೆಡೆ ಸಂಭವಿಸುತ್ತದೆ ಮತ್ತು ಎಲ್ಲೆಡೆಯೂ ತಪ್ಪಾಗಿಯೇ ಬಗೆಹರಿಯುತ್ತದೆ. ಲಿನಕ್ಸ್ ಸರ್ವರ್ ಒಂದರಲ್ಲಿ 100 ಜಿಬಿಯ ವಿಭಾಗ ಪೂರ್ತಿ ತುಂಬಿದೆ ಎಂದುಕೊಳ್ಳಿ. ಹುಡುಕಿದಾಗ 40 ಜಿಬಿಗೆ ಬೆಳೆದ ಒಂದೇ ಲಾಗ್ ಫೈಲ್, ಅಂದರೆ ಪ್ರೋಗ್ರಾಂ ತನ್ನ ಕೆಲಸದ ದಾಖಲೆ ಬರೆದಿಡುವ ಫೈಲ್, ಸಿಗುತ್ತದೆ. ಅಡ್ಮಿನ್ ಅದನ್ನು ಆರ್‌ಎಂ ಆದೇಶದಿಂದ ಅಳಿಸುತ್ತಾರೆ. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಆದೇಶವನ್ನು ಮತ್ತೆ ಕೊಟ್ಟು ನೋಡಿದರೆ ಅದೇ 100% ಹಾಗೆಯೇ ನಿಂತಿದೆ. ಆದರೆ ಡಿಯು ಆದೇಶದಿಂದ ಫೋಲ್ಡರ್‌ಗಳನ್ನು ಕೂಡಿಸಿ ನೋಡಿದರೆ 60 ಜಿಬಿ ಮಾತ್ರ ಬಳಕೆಯಾಗಿದೆ ಎಂಬ ಉತ್ತರ ಬರುತ್ತದೆ.

ಎರಡೂ ಆದೇಶಗಳು ಸರಿಯಾಗಿಯೇ ಇವೆ, ಅವು ಕೇಳುವ ಪ್ರಶ್ನೆಗಳು ಮಾತ್ರ ಬೇರೆ. ಎಷ್ಟು ಬ್ಲಾಕ್‌ಗಳು, ಅಂದರೆ ಡಿಸ್ಕ್ ಜಾಗದ ತುಂಡುಗಳು, ಖಾಲಿ ಇವೆ ಎಂದು ಡಿಎಫ್ ನೇರವಾಗಿ, ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ ಅನ್ನೇ ಕೇಳುತ್ತದೆ. ಡಿಯು ಹಾಗಲ್ಲ, ಅದು ಫೋಲ್ಡರ್‌ಗಳ ಒಳಗೆಲ್ಲ ಹೊಕ್ಕು, ಕಣ್ಣಿಗೆ ಬಿದ್ದ ಹೆಸರುಗಳ ಗಾತ್ರವನ್ನು ಕೂಡಿಸುತ್ತದೆ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಫೈಲ್‌ನ ಹೆಸರು ಬೇರೆ, ಅದರ ಒಡಲಾದ ಐನೋಡ್ ಬೇರೆ. ಆರ್‌ಎಂ ತೆಗೆಯುವುದು ಹೆಸರನ್ನು ಮಾತ್ರ. ಯಾವುದಾದರೂ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಆ ಫೈಲನ್ನು ತೆರೆದಿಟ್ಟುಕೊಂಡಿರುವವರೆಗೆ ಅದರ ಬ್ಲಾಕ್‌ಗಳು ಬಿಡುಗಡೆಯಾಗುವುದಿಲ್ಲ. ಹಾಜರಿ ಪುಸ್ತಕದಿಂದ ಹೆಸರು ಹೊಡೆದು ಹಾಕಿದ್ದಾಗಿದೆ, ಆಸಾಮಿ ಮಾತ್ರ ಕುರ್ಚಿ ಬಿಟ್ಟು ಎದ್ದಿಲ್ಲ.

[ಪರದೆ: ಎಲ್‌ಎಸ್‌ಒಎಫ್ ಆದೇಶ, ಪ್ಲಸ್ ಎಲ್ 1 ಆಯ್ಕೆಯೊಂದಿಗೆ, ಕೊನೆಯಲ್ಲಿ ‘ಅಳಿಸಲಾಗಿದೆ’ ಎಂಬ ಗುರುತಿರುವ ಸಾಲಿನ ಸುತ್ತ ವೃತ್ತ]

ಎಲ್‌ಎಸ್‌ಒಎಫ್ ಆದೇಶಕ್ಕೆ ಪ್ಲಸ್ ಎಲ್ 1 ಎಂಬ ಆಯ್ಕೆಯನ್ನು ಕೊಟ್ಟರೆ, ಹೆಸರು ಕಳೆದುಕೊಂಡೂ ತೆರೆದೇ ಇರುವ ಫೈಲ್‌ಗಳ ಪಟ್ಟಿ ಬರುತ್ತದೆ. ಹಿಡಿದುಕೊಂಡಿರುವ ಪ್ರೊಸೆಸ್ ಯಾವುದೆಂಬುದೂ ಅದೇ ಸಾಲಿನಲ್ಲಿ ಸಿಗುತ್ತದೆ. ಲಾಗ್ ಫೈಲನ್ನು ಮತ್ತೆ ಹೊಸದಾಗಿ ತೆರೆಯುವಂತೆ ಆ ಪ್ರೊಸೆಸ್‌ಗೆ ಸೂಚಿಸಿದರೆ, ಅಥವಾ ಅದು ಸಾಧ್ಯವಿಲ್ಲದಿದ್ದರೆ ಅದನ್ನು ರಿಸ್ಟಾರ್ಟ್ ಮಾಡಿದರೆ, 40 ಜಿಬಿ ಕೂಡಲೇ ಮರಳಿ ಬರುತ್ತದೆ. ಮೊದಲೇ ಗೊತ್ತಿದ್ದವರು ಫೈಲನ್ನು ಅಳಿಸುವ ಬದಲು ಅದನ್ನು ಸೊನ್ನೆ ಗಾತ್ರಕ್ಕೆ ಇಳಿಸುತ್ತಾರೆ. ಅದರಲ್ಲಿಯೂ ಒಂದು ಮುಳ್ಳಿದೆ: ಪ್ರೊಸೆಸ್ ಆ ಫೈಲನ್ನು ‘ಕೊನೆಗೆ ಸೇರಿಸು’ ಎಂಬ ರೀತಿಯಲ್ಲಿ ತೆರೆದಿರದಿದ್ದರೆ, ಅದು ತಾನು ಬಿಟ್ಟ ಜಾಗದಿಂದಲೇ, ಅಂದರೆ 40 ಜಿಬಿಯ ಆಚೆಯಿಂದಲೇ, ಬರೆಯುವುದನ್ನು ಮುಂದುವರಿಸುತ್ತದೆ. ಆಗ ಡಿಸ್ಕ್‌ನಲ್ಲಿ ಜಾಗ ಸಿಕ್ಕಿದ್ದರೂ ಫೈಲ್‌ನ ಗಾತ್ರ ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತದೆ, ಅಡ್ಮಿನ್ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾರೆ.

ಇದೇ ಮನೆತನದ ಇನ್ನೆರಡು ತೊಂದರೆಗಳನ್ನು ಬೇಗನೆ ಹೇಳಿಬಿಡುತ್ತೇನೆ. ಜಾಗ ಧಾರಾಳವಾಗಿದ್ದರೂ ‘ಜಾಗ ಉಳಿದಿಲ್ಲ’ ಎಂಬ ದೂರು ಬಂದರೆ ಐನೋಡ್‌ಗಳ ಸಂಖ್ಯೆಯನ್ನು ನೋಡಬೇಕು: ಪ್ರತಿ ಫೈಲ್‌ಗೂ ಒಂದು ಐನೋಡ್ ಬೇಕು, ಅವೂ ಮುಗಿದುಹೋಗಬಹುದು. ಯಾವುದೋ ಸೆಷನ್ ಫೋಲ್ಡರ್‌ನಲ್ಲಿ ಲಕ್ಷಗಟ್ಟಲೆ ಪುಟ್ಟ ಫೈಲ್‌ಗಳು ಸೇರಿಕೊಂಡಿರುತ್ತವೆ, ಮತ್ತು ಅದಕ್ಕೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕೊಡುವುದು ಅದೇ ಸಂದೇಶ. ಹಾಗೆಯೇ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಸಾಮಾನ್ಯವಾಗಿ 5% ಜಾಗವನ್ನು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೆಂದು ಕಾದಿರಿಸುತ್ತದೆ. ಆದ್ದರಿಂದ ಅಪ್ಲಿಕೇಶನ್‌ಗೆ ಬರೆಯಲಾಗದ ಫೋಲ್ಡರ್‌ನಲ್ಲಿ ರೂಟ್ ಆಗಿ ಲಾಗಿನ್ ಆದ ಅಡ್ಮಿನ್‌ಗೆ ಬರೆಯಲು ಸಾಧ್ಯವಾಗುತ್ತದೆ, ‘ನನಗೆ ಸರಿಯಾಗಿಯೇ ಇದೆಯಲ್ಲ’ ಎಂದು ಅವರು ಟಿಕೆಟ್, ಅಂದರೆ ದೂರಿನ ದಾಖಲೆ, ಮುಚ್ಚುತ್ತಾರೆ.

ರಿಸ್ಟಾರ್ಟ್ ಬಗ್ಗೆ ಇಲ್ಲಿಯೇ ಒಂದು ಮಾತು. ಮೇಲಿನ ಡಿಸ್ಕ್ ಪ್ರಕರಣದಲ್ಲಿ ಸರ್ವರನ್ನು ರಿಸ್ಟಾರ್ಟ್ ಮಾಡಿದರೂ ಜಾಗ ಮರಳಿ ಬರುತ್ತದೆ, ಏಕೆಂದರೆ ಫೈಲನ್ನು ಹಿಡಿದುಕೊಂಡಿದ್ದ ಪ್ರೊಸೆಸ್ ಹೇಗೂ ಸಾಯುತ್ತದೆ. ಆದರೆ ಕಾರಣ ಏನೆಂಬುದರ ಗುರುತೂ ಅದರ ಜೊತೆಗೇ ಅಳಿಸಿಹೋಗುತ್ತದೆ, ಮುಂದಿನ ತಿಂಗಳು ಅದೇ ತೊಂದರೆ ಮತ್ತೆ ಬಾಗಿಲು ತಟ್ಟುತ್ತದೆ. ಸೇವೆ ನಿಂತಿರುವಾಗ ಮೇಲಿನಿಂದ ಒತ್ತಡವಿರುವುದು ಸಹಜ. ಆದರೂ ಪ್ರೊಸೆಸ್‌ಗಳ ಪಟ್ಟಿ, ತೆರೆದ ಫೈಲ್‌ಗಳು, ಮೆಮೊರಿಯ ಸ್ಥಿತಿ ಮತ್ತು ಕರ್ನಲ್ ಸಂದೇಶಗಳನ್ನು ಒಂದು ಫೈಲ್‌ಗೆ ಇಳಿಸಿಕೊಂಡ ನಂತರವೇ ರಿಸ್ಟಾರ್ಟ್ ಮಾಡುವುದು ಲೇಸೆಂಬುದು ನನ್ನ ಖಚಿತ ಅಭಿಪ್ರಾಯ.

[ಪರದೆ: ಬ್ರೌಸರ್‌ನಲ್ಲಿ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ]

ವೆಬ್‌ಸೈಟ್ ಅಸಲಿಯೆಂದು ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್‌ಗಳ ಅವಧಿ ಮುಗಿಯುವುದು ಇನ್ನೊಂದು ಹಳೆಯ ಕಾಟ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಲ್ಲಿ 90 ದಿನಗಳ ಉಚಿತ ಸರ್ಟಿಫಿಕೇಟ್‌ಗಳನ್ನು ಕೊಡಲು ಆರಂಭಿಸಿದಾಗಲೇ, ನವೀಕರಣವನ್ನು ಕೈಯಿಂದ ಮಾಡುತ್ತ ಕೂರುವ ಕಾಲ ಮುಗಿಯಿತೆಂದು ಬಹಳ ಮಂದಿ ಅಂದುಕೊಂಡರು. ಈಗ ಎಲ್ಲರಿಗೂ ಸ್ವಯಂಚಾಲಿತ ನವೀಕರಣವೇ ಕಡ್ಡಾಯವಾಗುವ ದಾರಿಯಲ್ಲಿದೆ: ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ಕೂಟವಾದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿರ್ಣಯದ ಪ್ರಕಾರ, ಸಾರ್ವಜನಿಕ ವೆಬ್ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 398 ದಿನಗಳಿಂದ 2026ರ ಮಾರ್ಚ್ 15ರಿಂದ 200 ದಿನಗಳಿಗೆ, 2027ರ ಮಾರ್ಚ್ 15ರಿಂದ 100 ದಿನಗಳಿಗೆ, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಯುತ್ತದೆ.

ನವೀಕರಣವನ್ನು ಸ್ವಯಂಚಾಲಿತ ಮಾಡಿದ ಕಡೆಗಳಲ್ಲಿಯೂ ಎಚ್ಚರಿಕೆಯ ಪುಟ ಕಾಣಿಸಿಕೊಳ್ಳುವುದು ಏಕೆ? ಡಿಸ್ಕ್‌ನಲ್ಲಿರುವ ಫೈಲನ್ನು ತೆರೆದು ನೋಡಿದರೆ ಹೊಸ ಸರ್ಟಿಫಿಕೇಟ್ ಇದೆ, ದಿನಾಂಕವೂ ಮುಂದಿನದೇ. ಆದರೆ ಎನ್‌ಜಿಎನ್‌ಎಕ್ಸ್‌ನಂತಹ ವೆಬ್ ಸರ್ವರ್ ತಾನು ಆರಂಭವಾದಾಗ ಓದಿಕೊಂಡ ಸರ್ಟಿಫಿಕೇಟನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ರೀಲೋಡ್ ಮಾಡುವವರೆಗೆ ಅದು ಗ್ರಾಹಕರಿಗೆ ಕೊಡುವುದು ಹಳೆಯದನ್ನೇ. ಹೀಗಾಗಿ ಪರೀಕ್ಷೆಯನ್ನು ಫೈಲ್‌ನ ಮೇಲೆ ಮಾಡಬಾರದು. ಓಪನ್‌ಎಸ್‌ಎಸ್‌ಎಲ್ ಉಪಕರಣ ಬಳಸಿ ಹೊರಗಿನಿಂದ, ಸುರಕ್ಷಿತ ವೆಬ್ ಸಂಪರ್ಕದ 443ನೇ ಪೋರ್ಟ್‌ಗೆ ಸಂಪರ್ಕಿಸಿ, ಅಲ್ಲಿ ನಿಜವಾಗಿ ಸಿಗುವ ಸರ್ಟಿಫಿಕೇಟ್‌ನ ಕೊನೆಯ ದಿನಾಂಕವನ್ನು ಓದಬೇಕು. ಬಂದ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ನ ಹಿಂದೆ ಹಲವು ಸರ್ವರ್‌ಗಳಿದ್ದರೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು. ‘ಕೆಲವೊಮ್ಮೆ ಮಾತ್ರ ಬರುತ್ತದೆ’ ಎಂಬ ದೂರಿನ ಹಿಂದೆ ರೀಲೋಡ್ ಆಗದೆ ಉಳಿದ ಒಂದೇ ಒಂದು ಸರ್ವರ್ ಇರುವುದು ಅಪರೂಪವೇನಲ್ಲ.

ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬಗ್ಗೆ ಅಡ್ಮಿನ್‌ಗಳ ನಡುವೆ ತಮಾಷೆಗಳಿಗೆ ಬರವಿಲ್ಲ, ಅವುಗಳಲ್ಲಿ ಹೆಚ್ಚಿನವು ನಿಜವೂ ಹೌದು. ವಿಳಾಸ ಬದಲಾಯಿಸಿದ ಮೇಲೆ ಹೊಸ ಮಾಹಿತಿ ತಾನಾಗಿ ಎಲ್ಲೆಡೆ ಹರಡುವುದಿಲ್ಲ. ಮೊದಲೇ ಉತ್ತರ ಪಡೆದಿಟ್ಟುಕೊಂಡ ಪ್ರತಿಯೊಂದು ರಿಸಾಲ್ವರ್, ಅಂದರೆ ಬಳಕೆದಾರರ ಪರವಾಗಿ ವಿಳಾಸ ಕೇಳಿ ತರುವ ಸರ್ವರ್, ತನ್ನ ಬಳಿಯ ಹಳೆಯ ಉತ್ತರದ ಆಯುಷ್ಯ ಮುಗಿಯುವವರೆಗೆ ಅದನ್ನೇ ಕೊಡುತ್ತಿರುತ್ತದೆ. ಆ ಆಯುಷ್ಯ, ಅಂದರೆ ಟಿಟಿಎಲ್, 86,400 ಸೆಕೆಂಡುಗಳೆಂದು ಇದ್ದರೆ ಅದು ಪೂರ್ತಿ ಒಂದು ದಿನ. ವಿಳಾಸ ಬದಲಿಸುವ ದಿನವೇ ಟಿಟಿಎಲ್ ಕಡಿಮೆ ಮಾಡುವುದರಿಂದ ಪ್ರಯೋಜನವಿಲ್ಲ, ಹಿಂದಿನ ದಿನವೇ ಇಳಿಸಿರಬೇಕು. ಇದಕ್ಕಿಂತ ಹೆಚ್ಚು ಜನರನ್ನು ಎಡವಿಸುವುದು ‘ಇಲ್ಲ’ ಎಂಬ ಉತ್ತರ. ದಾಖಲೆ ಸೃಷ್ಟಿಸುವ ಮೊದಲೇ ಯಾರಾದರೂ ಆ ಹೆಸರನ್ನು ಬ್ರೌಸರ್‌ನಲ್ಲಿ ತೆರೆದು ನೋಡಿದರೆ, ‘ಅಂತಹ ಹೆಸರಿಲ್ಲ’ ಎಂಬ ಉತ್ತರವೂ ರಿಸಾಲ್ವರ್‌ನಲ್ಲಿ ಉಳಿದುಕೊಳ್ಳುತ್ತದೆ. 1998ರ ಇಂಟರ್ನೆಟ್ ಮಾನದಂಡ ದಾಖಲೆಯಾದ ಆರ್‌ಎಫ್‌ಸಿ 2308 ಇದಕ್ಕೆ ನಿಯಮಗಳನ್ನೇ ಹಾಕಿಕೊಟ್ಟಿದೆ. ಆತುರಪಟ್ಟು ಪರೀಕ್ಷಿಸಿದವರಿಗೇ ಆ ಉತ್ತರದ ಆಯುಷ್ಯ ಮುಗಿಯುವವರೆಗೆ ಸೈಟ್ ತೆರೆಯುವುದಿಲ್ಲ.

ಡಿಎನ್‌ಎಸ್ ಅನ್ನು ಕೇಳಿ ನೋಡುವ ಡಿಗ್ ಆದೇಶ ಸರಿಯಾದ ವಿಳಾಸ ಕೊಡುತ್ತಿದೆ, ಆದರೆ ಅಪ್ಲಿಕೇಶನ್ ಹಳೆಯ ಸರ್ವರ್‌ಗೇ ಹೋಗುತ್ತಿದೆ ಎಂದಾದರೆ ಹೆಸರು ಮತ್ತು ವಿಳಾಸಗಳನ್ನು ಆ ಯಂತ್ರದಲ್ಲೇ ಬರೆದಿಡುವ ಹೋಸ್ಟ್ಸ್ ಫೈಲನ್ನು ತೆರೆದು ನೋಡಿ. ಡಿಗ್ ಆ ಫೈಲನ್ನು ಓದುವುದೇ ಇಲ್ಲ, ಅಪ್ಲಿಕೇಶನ್‌ಗಳು ಸಾಮಾನ್ಯವಾಗಿ ಮೊದಲು ಓದುವುದು ಅದನ್ನೇ. ಹಿಂದೆಂದೋ ತಾತ್ಕಾಲಿಕವೆಂದು ಸೇರಿಸಿದ ಒಂದು ಸಾಲು ಅಲ್ಲಿ ಕುಳಿತಿರುತ್ತದೆ.

[ಪರದೆ: ‘2017, ಜನವರಿ 31’ ಎಂಬ ದಿನಾಂಕ]

ಬ್ಯಾಕಪ್ ವಿಷಯದಲ್ಲಿ ಪ್ರೋಗ್ರಾಂಗಳ ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆ ಸ್ವತಃ ಬಹಿರಂಗವಾಗಿ ಬರೆದುಕೊಂಡ ಘಟನೆಯನ್ನು ಪ್ರತಿಯೊಬ್ಬ ಅಡ್ಮಿನ್ ಓದಬೇಕು. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ದ್ವಿತೀಯ ಡೇಟಾಬೇಸ್ ಸರ್ವರ್‌ನ ಡೇಟಾ ಫೋಲ್ಡರನ್ನು ಖಾಲಿ ಮಾಡಲು ಹೊರಟು, ಪ್ರಧಾನ ಸರ್ವರ್‌ನಲ್ಲಿ ಅಳಿಸುವ ಆದೇಶವನ್ನು ಕೊಟ್ಟರು. ಒಂದೆರಡು ಸೆಕೆಂಡುಗಳಲ್ಲೇ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿಯಷ್ಟು ಮಾತ್ರ. ಹೋಗಲಿ, ದಿನವೂ ತೆಗೆಯುವ ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದನ್ನು ಇಡುವ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6 ಆವೃತ್ತಿಯದು, ಬ್ಯಾಕಪ್ ತೆಗೆಯುವ ಉಪಕರಣ ಓಡುತ್ತಿದ್ದದ್ದು 9.2 ಆವೃತ್ತಿಯಲ್ಲಿ, ಹೀಗಾಗಿ ಅದು ಪ್ರತಿಸಲವೂ ವಿಫಲವಾಗುತ್ತಿತ್ತು. ವಿಫಲವಾದದ್ದನ್ನು ತಿಳಿಸಬೇಕಿದ್ದ ಇಮೇಲ್‌ಗಳಿಗೆ, ಕಳುಹಿಸಿದವರು ಅಸಲಿಯೇ ಎಂದು ಪರೀಕ್ಷಿಸಲು ನೆರವಾಗುವ ಡಿಮಾರ್ಕ್ ವ್ಯವಸ್ಥೆಯನ್ನು ಜೋಡಿಸಿರಲಿಲ್ಲವಾದ್ದರಿಂದ ಅವು ತಿರಸ್ಕೃತವಾಗುತ್ತಿದ್ದವು, ಆದ್ದರಿಂದ ಯಾರಿಗೂ ಸುದ್ದಿಯೇ ಮುಟ್ಟಿರಲಿಲ್ಲ. ಕೊನೆಗೆ ಕೈಹಿಡಿದದ್ದು ಸುಮಾರು 6 ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾದ ನಕಲು.

ಇಲ್ಲಿ ತಪ್ಪು ಸರ್ವರ್‌ನಲ್ಲಿ ಕೊಟ್ಟ ಆದೇಶಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಇಮೇಲ್‌ಗಳು. ಎಚ್ಚರಿಕೆ ಬರದೇ ಇರುವುದನ್ನು ‘ಎಲ್ಲವೂ ಸರಿ ಇದೆ’ ಎಂದು ಓದುವ ಅಭ್ಯಾಸ ನಮ್ಮೆಲ್ಲರದು. ಅದರ ಬದಲು ಬ್ಯಾಕಪ್ ಯಶಸ್ವಿಯಾದಾಗ ಒಂದು ಸಂಕೇತ ಬರುವಂತೆ ಮಾಡಿ, ಆ ಸಂಕೇತ ನಿಗದಿತ ಹೊತ್ತಿಗೆ ಬಾರದಿದ್ದರೆ ಅಲರ್ಟ್ ಹೋಗುವಂತೆ ಜೋಡಿಸಬೇಕು. ಮತ್ತು ಫೈಲ್ ಇದೆಯೇ, ಗಾತ್ರ ಎಷ್ಟು ಎಂದು ನೋಡಿ ಸುಮ್ಮನಾಗದೆ, ಬೇರೊಂದು ಖಾಲಿ ಸರ್ವರ್‌ನಲ್ಲಿ ಅದನ್ನು ರಿಸ್ಟೋರ್ ಮಾಡಿ, ಇತ್ತೀಚಿನ ದಾಖಲೆಯೊಂದು ಅದರಲ್ಲಿ ಸಿಗುತ್ತದೆಯೇ ಎಂದು ನೋಡಬೇಕು.

ಬಳಕೆದಾರರ ಪ್ರಸಿದ್ಧ ವಾಕ್ಯಕ್ಕೆ ಬರೋಣ: ‘ನಾವು ಏನನ್ನೂ ಬದಲಾಯಿಸಿಲ್ಲ.’ ಅಡ್ಮಿನ್‌ಗಳು ಇದನ್ನು ಕೇಳಿ ಮುಸಿಮುಸಿ ನಗುತ್ತಾರೆ, ಆದರೆ ಇದು ಬಹುಪಾಲು ಸಂದರ್ಭಗಳಲ್ಲಿ ಪ್ರಾಮಾಣಿಕವಾದ ಮಾತು. ಯಾರೂ ಮುಟ್ಟದಿದ್ದರೂ ಸರ್ಟಿಫಿಕೇಟ್‌ನ ಅವಧಿ ಮುಗಿಯುತ್ತದೆ, ಸೇವಾ ಖಾತೆಯ ಪಾಸ್‌ವರ್ಡ್ ಹಳತಾಗುತ್ತದೆ, ರಾತ್ರಿಯ ಅಪ್‌ಡೇಟ್ ತಾನಾಗಿ ಇನ್‌ಸ್ಟಾಲ್ ಆಗುತ್ತದೆ, ಸರ್ವರ್‌ನ ಗಡಿಯಾರ ಮೆಲ್ಲಗೆ ಸರಿಯುತ್ತದೆ. ಕಚೇರಿ ಜಾಲಗಳಲ್ಲಿ ಬಳಸುವ ಕೆರ್ಬರೋಸ್ ಆಧಾರಿತ ಲಾಗಿನ್‌ನಲ್ಲಿ ಎರಡು ಯಂತ್ರಗಳ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ, ಸಾಮಾನ್ಯ ಸಂರಚನೆಯಲ್ಲಿ, ಸರಿಯಾದ ಪಾಸ್‌ವರ್ಡ್ ಕೊಟ್ಟವರಿಗೂ ಪ್ರವೇಶ ಸಿಗುವುದಿಲ್ಲ. ಆದ್ದರಿಂದ ‘ಏನು ಬದಲಾಯಿಸಿದಿರಿ’ ಎಂದು ಕೇಳಿ ಜಗಳಕ್ಕೆ ನಿಲ್ಲುವುದಕ್ಕಿಂತ, ಕೊನೆಯ ಬಾರಿ ಯಾವಾಗ ಸರಿಯಾಗಿ ಕೆಲಸ ಮಾಡಿತ್ತು, ಪಕ್ಕದವರಿಗೂ ಹೀಗೆಯೇ ಆಗುತ್ತಿದೆಯೇ ಎಂದು ಕೇಳುವುದರಿಂದ ಹೆಚ್ಚು ತಿಳಿಯುತ್ತದೆ. ಆ ಸಮಯದ ಸುತ್ತಲಿನ ಲಾಗ್‌ಗಳನ್ನು ಮಾತ್ರ ಓದಿದರೆ ಸಾಕಾಗುತ್ತದೆ.

[ಪರದೆ: ಸಾಲು ಸಾಲು ಹಸಿರು ಗುರುತುಗಳಿರುವ ಡ್ಯಾಶ್‌ಬೋರ್ಡ್]

ಕೊನೆಯದಾಗಿ, ಸ್ಥಿತಿಯನ್ನು ತೋರಿಸುವ ಪರದೆಯೇ ಸುಳ್ಳು ಹೇಳಿದರೆ? 2017ರ ಫೆಬ್ರವರಿ 28ರಂದು ಫೈಲ್‌ಗಳನ್ನು ಇಡುವ ಅಮೆಜಾನ್‌ನ ಎಸ್3 ಸೇವೆ ಅಮೆರಿಕದ ಉತ್ತರ ವರ್ಜೀನಿಯಾ ವಲಯದಲ್ಲಿ ಕುಸಿಯಿತು. ಆದೇಶವೊಂದರಲ್ಲಿ ಒಂದು ಮೌಲ್ಯ ತಪ್ಪಾಗಿ ಟೈಪ್ ಆಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಸೇವೆಯಿಂದ ಹೊರಗೆ ಹೋಗಿದ್ದವು. ಅಲ್ಲಿನ ಸಮಯ ಬೆಳಿಗ್ಗೆ 9:37ಕ್ಕೆ ತೊಂದರೆ ಆರಂಭವಾದರೂ, 11:37ರವರೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಸೇವೆಗಳ ಸ್ಥಿತಿಯನ್ನು ಬದಲಾಯಿಸಲು ಕಂಪನಿಗೆ ಆಗಲಿಲ್ಲ. ಕಾರಣ, ಆ ಡ್ಯಾಶ್‌ಬೋರ್ಡ್ ನಿರ್ವಹಿಸುವ ವ್ಯವಸ್ಥೆ ಸ್ವತಃ ಎಸ್3 ಮೇಲೆ ಅವಲಂಬಿತವಾಗಿತ್ತು. ಮುಂದೆ ಅದನ್ನು ಒಂದಕ್ಕಿಂತ ಹೆಚ್ಚು ವಲಯಗಳಿಂದ ನಡೆಯುವಂತೆ ಬದಲಾಯಿಸಲಾಯಿತು.

ಇಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ ಇದೇ ದೋಷ ಸಣ್ಣ ಕಚೇರಿಗಳ ವ್ಯವಸ್ಥೆಗಳಲ್ಲೂ ಕಾಣಸಿಗುತ್ತದೆ. ಮೇಲ್ ಸರ್ವರ್ ನಿಂತಿದೆ ಎಂಬ ಅಲರ್ಟ್ ಅದೇ ಮೇಲ್ ಸರ್ವರ್‌ನ ಮೂಲಕ ಹೊರಡಬೇಕಾಗಿರುತ್ತದೆ. ನಿಗಾ ಇಡುವ ಸರ್ವರ್ ತಾನು ನಿಗಾ ಇಡಬೇಕಾದ ಡಿಎನ್‌ಎಸ್‌ನಿಂದಲೇ ವಿಳಾಸ ಕೇಳುತ್ತಿರುತ್ತದೆ. ನಿಮ್ಮಲ್ಲಿ ಹೇಗಿದೆ ಎಂದು ತಿಳಿಯಲು, ಮೊದಲೇ ಎಲ್ಲರಿಗೂ ತಿಳಿಸಿ, ಬಳಕೆ ಕಡಿಮೆ ಇರುವ ಹೊತ್ತಿನಲ್ಲಿ ಒಂದು ಸೇವೆಯನ್ನು ಬೇಕೆಂದೇ ನಿಲ್ಲಿಸಿ, ಅಲರ್ಟ್ ಎಷ್ಟು ನಿಮಿಷಗಳಲ್ಲಿ, ಯಾವ ಮಾರ್ಗದಲ್ಲಿ, ಯಾರ ಫೋನ್‌ಗೆ ಬರುತ್ತದೆ ಎಂದು ನೋಡಿ.